ಕೊಟ್ಟಿಗೆಯೂ ತರಗತಿಯೇ

ಆಗಸ್ಟ್ ೬

ಅಮ್ಮಾ,

ಮೆಸೇಜಿನಲ್ಲಿ ನಾನು ‘ಸರಿ’, ‘ಹ್ಞೂಂ’, ‘ಊಟ ಆಯ್ತು’ ಎಂಬ ಮೂರು ಮಾತುಗಳಲ್ಲೇ ಸಂಸಾರ ಸಾಗಿಸುತ್ತಿದ್ದೇನೆ ಎಂದು ದೂರು ಕೊಟ್ಟಿದ್ದೀಯ. ಇಡೀ ದಿನ ನ್ಯಾಯಾಲಯದಲ್ಲಿ ಸ್ಟೆನೋ ಆಗಿ ಕೂತು ಕಂಡವರ ಮಾತನ್ನೆಲ್ಲ ಬರೆದುಕೊಳ್ಳುವವಳಿಗೆ ಸ್ವಂತ ಮಗಳಿಂದ ನಾಲ್ಕು ಸಾಲಾದರೂ ಬೇಡವೇ ಎಂದು ವಾದ ಹೂಡಿದ್ದೀಯ. ದೂರನ್ನು ಎತ್ತಿಹಿಡಿಯಲಾಗಿದೆ. ತಗೋ, ಕಾಗದ.

ಪಶುವೈದ್ಯ ಕಾಲೇಜು ನೀನು ಹೆದರಿದಷ್ಟು ದೊಡ್ಡದಲ್ಲ, ನಾನು ಕೊಚ್ಚಿಕೊಂಡಷ್ಟು ಚಿಕ್ಕದೂ ಅಲ್ಲ. ಹಾಸ್ಟೆಲಿನ ಕಿಟಕಿ ತೆರೆದರೆ ಕುರಿಗಳು ಕಾಣುತ್ತವೆ. ಬೆಳಗಿನ ಜಾವ ಅವು ಒದರುತ್ತವಂತೆ, ಕೋಣೆಯ ಗೆಳತಿಗೆ ನಿದ್ದೆಯಿಲ್ಲ. ನಾನು ಮಾತ್ರ ಗೊರಕೆ ಹೊಡೆಯುತ್ತೇನೆ. ಕಿವುಡಿಯಾಗಿ ನನಗೆ ಸಿಕ್ಕ ಮೊದಲ ಸವಲತ್ತು ಇದು, ಅದೂ ಅರ್ಜಿ ಹಾಕದೆ.

ಎರಡನೆಯದು ಅರ್ಜಿ ಹಾಕಿ ಸಿಕ್ಕದ್ದು. ಇಲ್ಲಿನ ‘ಸಮಾನ ಅವಕಾಶ ನಿಧಿ’ಯವರು ನನಗೊಬ್ಬ ಟೈಪಿಸ್ಟನ್ನು ಕೊಟ್ಟಿದ್ದಾರೆ. ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೇ ಅವರು ಟೈಪ್ ಮಾಡುತ್ತಾರೆ, ಅದು ನನ್ನ ಮೇಜಿನ ಪರದೆಯ ಮೇಲೆ ಮೂಡುತ್ತದೆ. ಮುಖ ನೋಡಿದರೆ ಬೆಣ್ಣೆ, ಬೆರಳು ನೋಡಿದರೆ ಬಿರುಗಾಳಿ. ಬೆರಳಕ್ಕ ಎಂದು ಹೆಸರಿಟ್ಟಿದ್ದೇನೆ. ಅದು ಅವರಿಗೂ ಗೊತ್ತು, ಏಕೆಂದರೆ ನಾನು ಆ ಹೆಸರನ್ನು ಪಿಸುಗುಟ್ಟಿದ್ದು ಇಡೀ ತರಗತಿಗೆ ಕೇಳಿಸಿತಂತೆ. ನನ್ನ ಪಿಸುಮಾತಿನ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ಹೃದಯದ ಬಡಿತವನ್ನು ಗೆರೆಯಾಗಿ ತೋರಿಸುವ ಸ್ಟೆತಸ್ಕೋಪನ್ನೂ ನಿಧಿಯವರೇ ಕೊಡಿಸಿದರು. ರೋಗಿಗಳಿಗೆ ಬಾಯಿ ಬಾರದು, ವೈದ್ಯೆಗೆ ಕಿವಿ ಕೇಳದು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು?

ಊಟ ಆಯ್ತು.

ನಿನ್ನ ಕಡ್ಡಿ

*

ಆಗಸ್ಟ್ ೧೨

ಕಡ್ಡೀ,

ಕಾಗದ ಬಂತು. ಏಳನೇ ವಯಸ್ಸಿನಲ್ಲಿ ಬಂದ ಜ್ವರ ನಿನ್ನ ಕಿವಿ ಎತ್ತಿಕೊಂಡು ಹೋಗಿ ನಾಲಿಗೆಯನ್ನು ನಮಗೇ ಬಿಟ್ಟುಹೋಯಿತು ಎಂದು ಅಪ್ಪ ಹೇಳುವುದು ಸುಳ್ಳಲ್ಲ. ಎರಡು ಸಲ ಓದಿದೆ. ಅಪ್ಪ ರಿಪೇರಿಗೆ ಬಂದ ಯಾರದೋ ಫ್ರಿಜ್ಜಿನ ಮೇಲೆ ಅದನ್ನು ಹರಡಿಕೊಂಡು ಮೂರನೇ ಸಲ ಓದುತ್ತಿದ್ದಾರೆ.

ಅಡುಗೆಮನೆಯ ಬಿಳಿ ಬೋರ್ಡಿನ ಮೇಲೆ ನಿನಗಾಗಿ ನಾನು ಕೊನೆಯದಾಗಿ ಬರೆದ ‘ಗ್ಯಾಸ್ ಆರಿಸು’ ಇನ್ನೂ ಹಾಗೇ ಇದೆ. ಒರೆಸಲು ಹೋದರೆ ಅಪ್ಪ, “ಇರ್ಲಿ ಬಿಡು, ನನಗೂ ಮರೆವು ಜಾಸ್ತಿ” ಅನ್ನುತ್ತಾರೆ. ಅವರು ಒಲೆ ಹಚ್ಚಿದ್ದನ್ನೇ ನಾನು ನೋಡಿಲ್ಲ.

ಮೆಸ್ಸಿನ ಊಟ ಹೇಗಿದ್ದರೂ ತಿನ್ನು. ಕಡ್ಡಿ ಎಂದು ಹೆಸರಿಟ್ಟದ್ದು ಅಕ್ಕರೆಗೆ, ಅಳತೆಗಲ್ಲ. ಹಸು ಒಮ್ಮೆ ಉಸಿರುಬಿಟ್ಟರೆ ಹಾರಿಹೋಗುವ ವೈದ್ಯೆಯನ್ನು ಯಾರು ನಂಬುತ್ತಾರೆ?

ನಿನ್ನ ಬೆರಳಕ್ಕ ನನಗಿಂತ ವೇಗವೋ? ಸುಮ್ಮನೆ ಕೇಳಿದೆ.

ಅಮ್ಮ

*

ಸೆಪ್ಟೆಂಬರ್ ೧೦

ಅಮ್ಮಾ,

ಕೊಟ್ಟಿಗೆ ಪಾಠ ಶುರುವಾಯಿತು. ನಲವತ್ತು ಹಸು, ಒಬ್ಬ ಮೇಷ್ಟ್ರು. ಕೊಟ್ಟಿಗೆ ಮೇಷ್ಟ್ರು ಒಳ್ಳೆಯವರು, ಆದರೆ ಅವರ ಮುಖ ಯಾವಾಗಲೂ ಹಸುವಿನ ಆಚೆ ಕಡೆಗಿರುತ್ತದೆ. ತುಟಿ ಓದೋಣವೆಂದು ನೋಡಿದರೆ ನನ್ನ ಪಾಲಿಗೆ ಬರುವುದು ಬಾಲ.

ನಿನ್ನೆ ಅವರು ಆಚೆಯಿಂದ ಏನೋ ಹೇಳಿದರು. ಎಲ್ಲರೂ ಹಿಂದೆ ಸರಿದರು. ಎಲ್ಲಕ್ಕೂ ‘ಸರಿ’ ಎನ್ನುವ ನಾನೊಬ್ಬಳೇ ಸರಿಯಲಿಲ್ಲ. ಹಾಲು ಕೊಡುವ ಹಸುವಿನ ಒದೆಯೂ ಹಿತ ಅನ್ನುತ್ತಾರಲ್ಲ, ಅಂದವರಿಗೆ ಎಂದೂ ಬಿದ್ದಿರಲಿಕ್ಕಿಲ್ಲ. ಮೊಣಕಾಲು ಊದಿದೆ, ಮುರಿದಿಲ್ಲ. ಗಾಬರಿಯಾಗಬೇಡ.

ಬೆರಳಕ್ಕ ಎಲ್ಲಿದ್ದರು ಎಂದು ನೀನು ಕೇಳುತ್ತೀಯ. ಸ್ಟಾಫ್ ರೂಮಿನಲ್ಲಿ, ಕೈಕಟ್ಟಿಕೊಂಡು. “ನನ್ನ ಕರಾರಿನಲ್ಲಿ ‘ತರಗತಿ’ ಅಂತಷ್ಟೇ ಇದೆ ಕಣಮ್ಮ. ಕೊಟ್ಟಿಗೆಗೆ ಬಂದ್ರೆ ಅವರು ಸಂಬಳ ಕೊಡಲ್ಲ” ಎಂದರು. ಅವರದೇನೂ ತಪ್ಪಿಲ್ಲ. ಸೀದಾ ನಿಧಿ ಕಚೇರಿಗೆ ಹೋದೆ. ಹೂತಿಟ್ಟ ನಿಧಿಗೆ ಹಾವು ಕಾವಲಿರುತ್ತದಂತಲ್ಲ, ಇಲ್ಲಿ ಒಬ್ಬ ಅಧಿಕಾರಿ ಇದ್ದಾರೆ. ಕೆಟ್ಟವರಲ್ಲ, ಕಚ್ಚುವುದಿಲ್ಲ. ಬರೀ ಸುತ್ತಿಕೊಂಡು ಕೂತಿರುತ್ತಾರೆ. ಅವರಿಗೆ ಸರ್ಪಣ್ಣ ಎಂದು ಹೆಸರಿಟ್ಟಿದ್ದೇನೆ, ಈ ಸಲ ಮನಸ್ಸಿನಲ್ಲೇ.

ಸರ್ಪಣ್ಣ ಒಂದು ಚೀಟಿಯಲ್ಲಿ ಬರೆದರು: “ತರಗತಿ ಎಂದರೆ ಗೋಡೆ, ಬೆಂಚು, ಬೋರ್ಡು ಇರುವ ಜಾಗ. ಕೊಟ್ಟಿಗೆಯಲ್ಲಿ ಬೆಂಚಿದೆಯೇ?”

“ಬೆಂಚಿಲ್ಲ ಸರ್. ಹಸುಗಳಿವೆ, ಅವಕ್ಕೂ ನಾಲ್ಕೇ ಕಾಲು” ಎಂದೆ.

ನಕ್ಕರು. ನಕ್ಕಮೇಲೆ ಚೀಟಿಯ ಹಿಂದೆ ಬರೆದರು: “ಅರ್ಜಿ ಕೊಡಿ. ಸಮಿತಿ ನವೆಂಬರಿನಲ್ಲಿ ಸೇರುತ್ತದೆ. ಅಲ್ಲಿಯ ತನಕ ಹೇಗಾದರೂ ಅಡ್ಜಸ್ಟ್ ಮಾಡಿಕೊಳ್ಳಿ.”

ಪ್ರಾಯೋಗಿಕದಲ್ಲಿ ಪಾಸಾಗದಿದ್ದರೆ ಎರಡನೇ ವರ್ಷಕ್ಕೆ ಹೋಗುವಂತಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಸದ್ಯಕ್ಕೆ ಕೋಣಕ್ಕೂ ನನಗೂ ಒಂದೇ ಫಲ. ಆದರೂ ಹೆದರಿಲ್ಲ. ಅರ್ಜಿ ಕೊಟ್ಟಿದ್ದೇನೆ.

ಕಡ್ಡಿ

*

ಸೆಪ್ಟೆಂಬರ್ ೧೬

ಕಡ್ಡೀ,

ಹದಿನೈದು ದಿನ ರಜೆ ಹಾಕಿದ್ದೇನೆ. ಬರುತ್ತಿದ್ದೇನೆ. ಲ್ಯಾಪ್‌ಟಾಪ್ ತರುತ್ತೇನೆ. ಎದುರುವಾದಕ್ಕೆ ಅವಕಾಶವಿಲ್ಲ.

ಮೊಣಕಾಲಿಗೆ ಐಸ್ ಇಡು.

ಅಮ್ಮ

*

ಅಕ್ಟೋಬರ್ ೬

ಕಡ್ಡೀ,

ಮನೆ ಸೇರಿದೆ. ಚಪ್ಪಲಿಯ ಸಗಣಿ ನೋಡಿ ಅಪ್ಪ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ಯಾರಮ್ಮ ನೀವು, ಗೊಬ್ಬರ ಬೇಡ, ನಮ್ಮನೇಲಿ ತೋಟ ಇಲ್ಲ” ಎಂದರು.

ಇಷ್ಟು ವರ್ಷ ಕೊಲೆ, ಕಳವು, ಗಡಿ ತಕರಾರು ಬರೆದ ಬೆರಳುಗಳಿಗೆ ಕೆಚ್ಚಲು ಬಾವಿನ ಬಗ್ಗೆ ಬರೆಯುವುದು ಹಬೆ ಹಿಡಿದಷ್ಟು ಹಿತವಾಗಿತ್ತು. ಕೊಟ್ಟಿಗೆ ಮೇಷ್ಟ್ರು ಆಚೆ ಕಡೆಯಿಂದ ಒಂದು ಮಾತಾಡುವುದು, ನಾನು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಆ ಮಾತನ್ನು ಲ್ಯಾಪ್‌ಟಾಪಿನಲ್ಲಿ ಬಡಿಯುವುದು, ನೀನು ಕೈಯಲ್ಲಿನ ಪರದೆ ನೋಡಿ ತಕ್ಷಣ ಸರಿಯಾದ ಕಾಲನ್ನು ಹಿಡಿಯುವುದು. ನನಗೆ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

ನಿನಗೆ ಹೇಳಲು ಮರೆತೆ. ಮೊದಲ ವಾರ ನಿಮ್ಮ ಸರ್ಪಣ್ಣ ಕೊಟ್ಟಿಗೆಗೇ ಬಂದಿದ್ದರು. ನೀನು ಆಗ ಕರುವಿಗೆ ಹಾಲು ಕುಡಿಸುತ್ತಿದ್ದೆ. “ಎಷ್ಟು ಚೆನ್ನಾಗಿ ಮಾಡ್ತೀರಮ್ಮ, ನಮ್ಮ ಟೈಪಿಸ್ಟಿಗಿಂತ ವೇಗ. ಕಷ್ಟ ಆಗಲ್ವಾ?” ಎಂದರು. “ಮಗಳಿಗೋಸ್ಕರ ಎಂಥ ಕಷ್ಟ ಸರ್, ನಾನಿದ್ದೀನಲ್ಲ” ಎಂದೆ. ತುಂಬ ಸಂತೋಷಪಟ್ಟು ಹೋದರು.

ಬಸ್ಸು ಹೊರಡುವಾಗ ನೀನು ಏನೋ ಹೇಳಲು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಸಾಕ್ಷಿಗಳು ಮಾತು ನುಂಗುವುದನ್ನು ದಿನಾ ನೋಡುವವಳು ನಾನು. ಏನದು?

ಒಂದು ವರ್ಷದ ಸಂಬಳವಿಲ್ಲದ ರಜೆಗೆ ಅರ್ಜಿ ಬರೆದಿಟ್ಟಿದ್ದೇನೆ. ನೀನು ‘ಹ್ಞೂಂ’ ಅಂದರೆ ಕೊಟ್ಟುಬಿಡುತ್ತೇನೆ.

ಅಮ್ಮ

*

ಅಕ್ಟೋಬರ್ ೧೯

ಅಮ್ಮಾ,

‘ಹ್ಞೂಂ’ ಅನ್ನುವುದಿಲ್ಲ. ಹೆಸರಿಗೆ ತಕ್ಕ ಹಾಗೆ ಕಡ್ಡಿ ಮುರಿದಂತೆ ಹೇಳುತ್ತೇನೆ, ಓದಿ ಮುಗಿಸಿದ ಮೇಲೆ ಸಿಟ್ಟಾಗು.

ಸಮಿತಿಯ ತನಕ ಹೋಗದೆ, ಕಚೇರಿಯಿಂದಲೇ ನನ್ನ ಅರ್ಜಿಗೆ ಉತ್ತರ ಬಂದಿದೆ. “ಅರ್ಜಿದಾರರಿಗೆ ತಾಯಿಯವರ ಮೂಲಕ ಉತ್ತಮ ಗುಣಮಟ್ಟದ ಸೌಲಭ್ಯವು ಈಗಾಗಲೇ ಲಭ್ಯವಿರುವುದರಿಂದ ನಿಧಿಯ ನೆರವಿನ ಅಗತ್ಯ ಕಂಡುಬರುವುದಿಲ್ಲ.” ಸ್ಟೆತಸ್ಕೋಪು ಒಂದು, ಪರದೆ ಒಂದು, ತಾಯಿ ಒಂದು. ಅಮ್ಮ, ನಿನ್ನನ್ನು ಸಲಕರಣೆಗೆ ಸೇರಿಸಿದ್ದಾರೆ. ಗುಣಮಟ್ಟ ಉತ್ತಮವಂತೆ, ಅದೊಂದು ಸಮಾಧಾನ.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ನೀನು ‘ನಾನಿದ್ದೀನಲ್ಲ’ ಅಂದೆ, ಅವರು ನಿನ್ನನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರು.

ನೀನು ಅಂದದ್ದು ಪ್ರೀತಿಗೆ. ಅದು ನನಗೆ ಗೊತ್ತಿಲ್ಲವೇ? ಆದರೆ ನನ್ನ ಅಮ್ಮ ಸ್ಟೆನೋ ಆಗಿರುವುದು ನನ್ನ ಅದೃಷ್ಟ, ಅವರ ನಿಯಮ ಅಲ್ಲ. ಮುಂದಿನ ವರ್ಷ ಇಲ್ಲಿಗೆ ನನ್ನಂಥ ಇನ್ನೊಬ್ಬಳು ಬರುತ್ತಾಳೆ. ಅವಳಮ್ಮ ಹೊಲಿಗೆಯವಳೋ ನರ್ಸೋ ಆಗಿರುತ್ತಾಳೆ. ಅವಳು ಯಾರ ಬೆರಳು ಕಡ ತರಬೇಕು? ಅವಳಿಗೆ ಆಗ, “ನಿಮ್ಮ ಹಿಂದಿನವಳ ತಾಯಿ ಬಂದು ಮಾಡ್ತಿದ್ರಮ್ಮ, ನಿಮ್ಮ ತಾಯಿಗೆ ಏನು ಧಾಡಿ?” ಅನ್ನುತ್ತಾರೆ.

ಬಸ್ ನಿಲ್ದಾಣದಲ್ಲಿ ನುಂಗಿದ್ದು ಬೇರೆ ಮಾತು. ಆ ಹದಿನೈದು ದಿನ ಗೆಳತಿಯರು ಯಾರೂ ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ. ಎಲ್ಲರೂ ನಿನಗೆ ನಮಸ್ಕಾರ ಹೇಳಿ ಮರ್ಯಾದೆಯಿಂದ ದೂರ ನಿಂತರು. ಅಮ್ಮನ ಎದುರು ಯಾರು ತರಲೆ ಮಾತಾಡುತ್ತಾರೆ?

ಮೇಲ್ಮನವಿ ಹಾಕಿದ್ದೇನೆ. ನೀನು ಬರಬೇಡ. ರಜೆ ಅರ್ಜಿ ಹರಿದುಹಾಕು.

ಕಡ್ಡಿ

*

ಅಕ್ಟೋಬರ್ ೨೩

ಕಾಗದ ತಲುಪಿತು.

ಸರಿ.

ಅಮ್ಮ

(ಅದೇ ಲಕೋಟೆಯಲ್ಲಿ, ಬಿಲ್ ಪುಸ್ತಕದ ಹಾಳೆಯ ಮೇಲೆ)

ಮಗಳೇ, ಮನೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟ ಹಾಗಿದೆ. ಕಂಪ್ರೆಸರ್ ಆದರೆ ಬಿಚ್ಚಿ ನೋಡುತ್ತಿದ್ದೆ, ಇದು ನನ್ನ ಕೈಯಲ್ಲಿ ಆಗುವ ರಿಪೇರಿ ಅಲ್ಲ. ನಿನ್ನ ಮಾತು ನ್ಯಾಯವಾದದ್ದೇ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಅಪ್ಪ.

*

ನವೆಂಬರ್ ೩

ಅಮ್ಮಾ,

ನೀನು ‘ಸರಿ’ ಎಂದು ಬರೆದಾಗ ಆ ಮಾತು ಎಷ್ಟು ತಣ್ಣಗಿರುತ್ತದೆಂದು ತಿಳಿಯಿತು. ಇನ್ನುಮೇಲೆ ಮೆಸೇಜಿನಲ್ಲಿ ಎರಡು ಮಾತು ಹೆಚ್ಚು ಹಾಕುತ್ತೇನೆ. ಬರೆದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊಟ್ಟಿಗೆಗೆ ಬರಿಗೈಯಲ್ಲಿ ಹೋಗುತ್ತಿದ್ದೇನೆ. ಗೆಳತಿಯರು ಮತ್ತೆ ಪಕ್ಕಕ್ಕೆ ಬಂದಿದ್ದಾರೆ, ಆಗೀಗ ಅಂಗೈ ಮೇಲೆ ಒಂದು ಪದ ಗೀಚುತ್ತಾರೆ. ಆದರೆ ಅವರೂ ಪಾಠ ಕಲಿಯಬೇಕಲ್ಲ. ಕಳೆದ ವಾರ ಪರೀಕ್ಷೆಯಿತ್ತು. ಮೇಷ್ಟ್ರು ಎಡಗೊರಸು ಎಂದರಂತೆ, ನಾನು ಬಲಗೊರಸು ಎತ್ತಿ ಪೂರ್ತಿ ಶುಚಿ ಮಾಡಿ ತೋರಿಸಿದೆ. ಹಸುವಿಗೆ ಸಂತೋಷವಾಯಿತು. ಅಂಕ ಹೋಯಿತು. ಮೇಷ್ಟ್ರಿಗೆ ನನಗಿಂತ ಹೆಚ್ಚು ಬೇಸರವಾಯಿತು.

ಇನ್ನೊಂದು ಸುದ್ದಿ. ಸಮಿತಿ ನನ್ನ ಮೇಲ್ಮನವಿ ಕೇಳಲು ಈ ತಿಂಗಳ ಕೊನೆಗೆ ಕರೆದಿದೆ. ಬೆರಳಕ್ಕ ಬರುವಂತಿಲ್ಲ. ಏಕೆಂದರೆ ಸಮಿತಿಯ ಕೋಣೆಯೂ ತರಗತಿ ಅಲ್ಲ. ನಗಬೇಡ, ಇದನ್ನು ಅವರೇ ಬರೆದು ಕಳಿಸಿದ್ದಾರೆ. ಕೆಳಗೆ ಒಂದು ಸಾಲು ಸೇರಿಸಿದ್ದಾರೆ: “ಅನುಕೂಲಕ್ಕಾಗಿ ತಾಯಿಯವರನ್ನು ಕರೆತರುವುದು.”

ಅದನ್ನು ಓದಿದಾಗ ಒಂದು ಗಳಿಗೆ ನಿನ್ನನ್ನು ಕರೆದುಬಿಡಬೇಕು ಅನಿಸಿತು. ನೀನು ಪಕ್ಕದಲ್ಲಿದ್ದರೆ ನಾನು ಯಾರ ಮುಂದಾದರೂ ಗೆಲ್ಲುತ್ತೇನೆ. ಈ ಸಲ ಮಾತ್ರ ನೀನು ಪಕ್ಕದಲ್ಲಿದ್ದರೆ ನಾನು ಸೋತ ಹಾಗೆ. ಬರುವುದಿಲ್ಲ ಎಂದು ನೀನೇ ಅವರಿಗೆ ಬರೆಯುತ್ತೀಯಾ?

ಕಡ್ಡಿ

*

ನವೆಂಬರ್ ೯

ಕಡ್ಡೀ,

ಸಮಿತಿಗೆ ಕಳಿಸಿದ್ದರ ನಕಲು ಕೆಳಗಿದೆ. ಬೇರೆಯವರ ಮಾತನ್ನು ಬರೆಯುವಾಗ ನನ್ನ ಪೆನ್ನು ಎಂದೂ ನಿಂತಿರಲಿಲ್ಲ. ಇದಕ್ಕೆ ಎರಡು ರಾತ್ರಿ ಹಿಡಿಯಿತು. ಬಲಗೊರಸಿನ ಸುದ್ದಿ ಓದಿ ನಿದ್ದೆ ಬರಲಿಲ್ಲ, ಬ್ಯಾಗನ್ನು ಒಮ್ಮೆ ಅಟ್ಟದಿಂದ ಇಳಿಸಿದ್ದೂ ನಿಜ. ಮತ್ತೆ ಮೇಲಿಟ್ಟೆ.

“ಮಾನ್ಯರೇ,
ಸೆಪ್ಟೆಂಬರಿನಲ್ಲಿ ನಿಮ್ಮ ಅಧಿಕಾರಿಗಳ ಮುಂದೆ ‘ನಾನಿದ್ದೀನಲ್ಲ’ ಎಂದು ಹೇಳಿದ್ದೆ. ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯುತ್ತಿಲ್ಲ, ಅದರ ಅರ್ಥವನ್ನು ತಿದ್ದುತ್ತಿದ್ದೇನೆ. ನಾನು ಇರುವುದು ತಾಯಿಯಾಗಿ. ಆ ಹುದ್ದೆ ಭರ್ತಿಯಾಗಿದೆ. ಖಾಲಿ ಇರುವುದು ಕೊಟ್ಟಿಗೆಯ ಟೈಪಿಸ್ಟಿನ ಹುದ್ದೆ, ಅದನ್ನು ಸಂಬಳ ಕೊಟ್ಟು ತುಂಬಬೇಕಾದವರು ನೀವು. ವಿಚಾರಣೆಯ ದಿನ ನನಗೆ ನ್ಯಾಯಾಲಯದಲ್ಲಿ ಕೆಲಸವಿದೆ. ಅದಕ್ಕೆ ನನಗೆ ಸಂಬಳ ಕೊಡುತ್ತಾರೆ.”

ಕಟುವಾಯಿತೇ? ಅಪ್ಪ ಓದಿ, “ಕಡ್ಡಿ ಯಾವ ಮರದ್ದು ಅಂತ ಈಗ ಗೊತ್ತಾಯ್ತು” ಎಂದರು.

ಅಮ್ಮ

*

ನವೆಂಬರ್ ೨೮

ಅಮ್ಮಾ,

ವಿಚಾರಣೆ ಮುಗಿಯಿತು. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ, ನಿನ್ನ ಮಗಳಲ್ಲವೇ.

ಉದ್ದನೆಯ ಮೇಜು, ಆ ಕಡೆ ಮೂವರು: ಸಮಿತಿಯ ಅಧ್ಯಕ್ಷೆ ಮೇಡಂ, ಸರ್ಪಣ್ಣ, ಕಾಲೇಜಿನ ಪರವಾಗಿ ಕೊಟ್ಟಿಗೆ ಮೇಷ್ಟ್ರು. ಹಸು ಅಡ್ಡವಿಲ್ಲದೆ ಮೇಷ್ಟ್ರ ಮುಖವನ್ನು ಪೂರ್ತಿ ನೋಡಿದ್ದು ಅಂದೇ. ಮೀಸೆ ಇದೆ.

ಸರ್ಪಣ್ಣ ಏನೋ ಕೇಳಿದರು. ತುಟಿಯಲ್ಲಿ ‘ಅಮ್ಮ’ ಮಾತ್ರ ಸಿಕ್ಕಿತು. ನಾನು ಲ್ಯಾಪ್‌ಟಾಪನ್ನು ಅವರ ಮುಂದೆ ತಳ್ಳಿದೆ. “ಅಮ್ಮ ಬರಲ್ಲ ಸರ್, ಕಾಗದ ಬರೆದಿದ್ದಾರೆ. ನೀವೇ ಟೈಪ್ ಮಾಡಿ, ನಾನು ಬಾಯಲ್ಲಿ ಉತ್ತರ ಕೊಡ್ತೀನಿ.”

ಅವರು ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ, ಶುರು ಮಾಡಿದರು. ಅಷ್ಟರಲ್ಲಿ ಮೇಡಂ ಮೇಷ್ಟ್ರ ಕಡೆ ಬಾಗಿ ಏನೋ ಅಂದರು.

“ಮೇಡಂ, ಅದನ್ನೂ ಟೈಪ್ ಮಾಡಿಸಿ” ಎಂದೆ.

ಅದೇನೂ ಮುಖ್ಯವಲ್ಲ ಎಂಬಂತೆ ಕೈ ಆಡಿಸಿದರು. ನಾನು ಕಾದೆ. ಲ್ಯಾಪ್‌ಟಾಪ್ ಎಳೆದುಕೊಂಡು ಮೇಡಂ ಬರೆದರು: “ಕಾಫಿ ತರಿಸೋಣವೇ ಎಂದು ಕೇಳಿದೆ.”

“ಮುಖ್ಯವಾದದ್ದೇ ಅಲ್ವಾ ಮೇಡಂ? ನನಗೂ ಒಂದು.”

ಕಾಫಿ ಬಂದು ಆರುವ ಹೊತ್ತಿಗೆ ಸರ್ಪಣ್ಣನ ಮೊದಲ ಪ್ರಶ್ನೆ ಸಿದ್ಧವಾಗಿತ್ತು: “ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುವುದಿಲ್ಲವೇ?”

“ಕೇಳಲಿ ಸರ್. ಕೇಳೋಕೆ ಆಗದ ನಾನೇ ಕೇಳ್ತಿದ್ದೀನಿ, ಉಳಿದೋರು ಯಾಕೆ ಸುಮ್ಮನಿರ್ಬೇಕು? ನಿಧಿ ಇರೋದು ಕಾಯೋಕಾ, ಕೊಡೋಕಾ?”

ಮೇಷ್ಟ್ರು ಮೀಸೆಯೊಳಗೆ ನಕ್ಕದ್ದು ಕಂಡಿತು. ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು ಎರಡೂ ಕೈಯಲ್ಲಿ ಬಡಿದರು, ಬಡಿಯುತ್ತಲೇ ಅದನ್ನು ಮಿಕ್ಕ ಇಬ್ಬರಿಗೂ ಓದಿ ಹೇಳಿದರು: “ಕೊಟ್ಟಿಗೆ ತರಗತಿ ಅಲ್ಲದಿದ್ದರೆ, ಇಷ್ಟು ವರ್ಷ ನಾನು ಅಲ್ಲಿ ಮಾಡುತ್ತಿದ್ದುದಕ್ಕೆ ಏನೆನ್ನಬೇಕು? ಈ ಹುಡುಗಿಯ ಅಂಕ ಹೋದದ್ದು ಅವಳಿಗೆ ಗೊರಸು ಗೊತ್ತಿಲ್ಲದೆ ಅಲ್ಲ, ನನ್ನ ಮಾತು ಅವಳಿಗೆ ತಲುಪದೆ.”

ಇನ್ನು ಎರಡು ಪ್ರಶ್ನೆಗಳಿಗೆ ಮಧ್ಯಾಹ್ನವೇ ಮುಗಿಯಿತು. ಕೊನೆಗೆ ಸರ್ಪಣ್ಣ ಬೆರಳು ನೀವಿಕೊಂಡು, ಪ್ರಶ್ನೆಯಲ್ಲದ ಒಂದು ಸಾಲು ಹೊಡೆದರು: “ಇದು ಬಹಳ ಕಷ್ಟದ ಕೆಲಸ.”

“ಹೌದು ಸರ್. ಅದಕ್ಕೇ ಸಂಬಳ ಕೊಡ್ಬೇಕು ಅಂತ ಹೇಳ್ತಿರೋದು.”

ತೀರ್ಪು ಇನ್ನೂ ಬಂದಿಲ್ಲ. ಬರುತ್ತದೆ.

ನಿನ್ನ ಕಡ್ಡಿ

*

ಜನವರಿ ೧೪

ಅಮ್ಮಾ,

ಬಂತು. ಮೆಸೇಜಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಇದು ಕಾಗದದಲ್ಲಿ ನಿನ್ನ ಕೈಗೆ ಬರಲಿ ಎಂದು ಬಾಯಿ ಕಟ್ಟಿಕೊಂಡೆ. ಇನ್ನುಮುಂದೆ “ಪಾಠ ಅಥವಾ ಪಾಠಕ್ಕೆ ಸಂಬಂಧಿಸಿದ ಮಾತು ನಡೆಯುವ ಯಾವುದೇ ಸ್ಥಳ”ಕ್ಕೆ ನಿಧಿ ಟೈಪಿಸ್ಟನ್ನು ಕಳಿಸುತ್ತದೆ. ನನಗೊಬ್ಬಳಿಗಲ್ಲ, ನಿಯಮವೇ ಬದಲಾಗಿದೆ. “ಕುಟುಂಬದವರ ಸೇವೆಯನ್ನು ಸೌಲಭ್ಯವೆಂದು ಪರಿಗಣಿಸತಕ್ಕದ್ದಲ್ಲ” ಎಂಬ ಸಾಲೂ ಇದೆ. ಅದು ನಿನ್ನದು, ಚೌಕಟ್ಟು ಹಾಕಿಸಿಕೊ. ಹೋದ ಅಂಕಕ್ಕೆ ರಜೆಯಲ್ಲಿ ಮತ್ತೆ ಪರೀಕ್ಷೆ ಕೊಡಬೇಕು. ಕೊಡುತ್ತೇನೆ, ಈ ಸಲ ಎಡಗೊರಸು.

ಬೆರಳಕ್ಕನಿಗೆ ಹಸು ಕಂಡರೆ ನಡುಕವೆಂದು ಈಗ ಬಯಲಾಗಿದೆ. ಗಂಬೂಟು ಇಲ್ಲದೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಸರ್ಪಣ್ಣ ತಾವೇ ಅಂಗಡಿಗೆ ಹೋಗಿ ತಂದುಕೊಟ್ಟರು, ಒಂದು ಅಳತೆ ದೊಡ್ಡದು.

ಮುಂದಿನ ತಿಂಗಳು ಮೇಕೆಯೊಂದಕ್ಕೆ ಶಸ್ತ್ರಚಿಕಿತ್ಸೆಯಿದೆ, ನಾವು ಸುತ್ತ ನಿಂತು ನೋಡಬೇಕು. ಬಾ. ಏನನ್ನೂ ಹೊತ್ತು ತರಬೇಡ.

ಕಡ್ಡಿ

*

ಫೆಬ್ರವರಿ ೧೭

ಕಡ್ಡೀ,

ಮೊನ್ನೆ ಕೈಬೀಸಿಕೊಂಡು ಬಂದೆ. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಸೆರಗಿನ ಅಂಚು ಸುತ್ತುತ್ತಿದ್ದವು.

ಶಸ್ತ್ರಚಿಕಿತ್ಸೆಯ ಕೋಣೆಯ ಕಾವಲಿನವನು ನನ್ನನ್ನು ಬಾಗಿಲಲ್ಲೇ ತಡೆದ. “ಹೊರಗಿನವರು ಒಳಗೆ ಹೋಗೋ ಹಾಗಿಲ್ಲ.” “ನಾನು ಅವಳ ತಾಯಿ” ಎಂದೆ. “ಗೊತ್ತಾಯ್ತಮ್ಮ, ಅದಕ್ಕೇ ಹೇಳಿದ್ದು” ಎಂದು ಪಕ್ಕದ ಗಾಜಿನ ಕಿಟಕಿ ತೋರಿಸಿದ. ಸೆಪ್ಟೆಂಬರಿನಲ್ಲಾಗಿದ್ದರೆ ಅವನ ಜೊತೆ ಜಗಳ ಕಾಯುತ್ತಿದ್ದೆ.

ಗಾಜು ದಪ್ಪ, ಒಂದು ಸದ್ದೂ ದಾಟುವುದಿಲ್ಲ. ಒಳಗೆ ಎಲ್ಲರ ಬಾಯಿಗೂ ಮಾಸ್ಕು, ಎಲ್ಲರಿಗೂ ಒಂದೇ ಹಸಿರು ನಿಲುವಂಗಿ. ನಿನ್ನನ್ನು ಗುರುತು ಹಿಡಿಯಲು ಹೊತ್ತು ಹಿಡಿಯಿತು. ಬೆರಳಕ್ಕ ಮೂಲೆಯಲ್ಲಿದ್ದರು. ಪರದೆ ನಿಮ್ಮ ಕಡೆ ತಿರುಗಿತ್ತು, ನನಗೆ ಕಂಡದ್ದು ಅದರ ಬೆನ್ನು.

ಮೇಷ್ಟ್ರು ತಲೆಯೆತ್ತಿ ಏನೋ ಅಂದರು. ಬೆರಳಕ್ಕನ ಕೈ ಓಡಿತು. ಎಲ್ಲರ ಭುಜಗಳೂ ಕುಲುಕಿದವು. ನಿನ್ನದೂ.

ಮನೆಯಲ್ಲಿ ನಾವು ನಕ್ಕಾಗ ನೀನು ಒಬ್ಬೊಬ್ಬರ ಮುಖ ನೋಡುತ್ತ, ನಾನು ಬರೆದು ತೋರಿಸುವ ತನಕ ಕಾಯುತ್ತಿದ್ದೆ. ನಮ್ಮ ನಗು ಮುಗಿದ ಮೇಲೆ ಒಬ್ಬಳೇ ನಗುತ್ತಿದ್ದೆ. ನಾನು ಎಷ್ಟು ಬೇಗ ಬರೆದರೂ ನಿನ್ನ ನಗು ತಡವಾಗಿಯೇ ಬರುತ್ತಿತ್ತು. ಮೊನ್ನೆ ನೀನು ಎಲ್ಲರ ಜೊತೆಗೇ ನಕ್ಕೆ. ಪಕ್ಕದ ಹುಡುಗಿ ನಿನ್ನ ಮೊಣಕೈ ತಿವಿದಳು, ನೀನು ತಿರುಗಿ ಅವಳನ್ನು ತಿವಿದೆ, ಮೇಷ್ಟ್ರು ಇಬ್ಬರನ್ನೂ ಗದರಿಸಿದರು.

ನಿಮ್ಮನ್ನೆಲ್ಲ ನಗಿಸಿದ ಆ ಮಾತು ಏನೆಂದು ನನಗೆ ತಿಳಿಯಲಿಲ್ಲ. ಕಾವಲಿನವನ ಮುಖ ನೋಡಿದೆ, ಅವನಿಗೂ ತಿಳಿದಿರಲಿಲ್ಲ. ಸಂಜೆ ನಿನ್ನನ್ನು ಕೇಳಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಕೇಳಲಿಲ್ಲ. ನೀನೂ ಬರೆದು ತಿಳಿಸಬೇಡ. ಅದು ನಿಮ್ಮ ಕೋಣೆಯ ಮಾತು.

ಅಮ್ಮ